ಕುಲುಮೆ ಇದ್ದವನಿಗೆ 160 ಎಕರೆ ಯಾಕೆ ಬೇಕಾಯಿತು?

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಈಗ ಕೆನಡಾದ ಸಾಸ್ಕಟೂನ್‌ನಲ್ಲಿದ್ದೇನೆ. ಇಲ್ಲಿನ ವೆಸ್ಟರ್ನ್ ಡೆವಲಪ್‌ಮೆಂಟ್ ಮ್ಯೂಸಿಯಂನಲ್ಲಿ 1910ರ ಕಾಲದ ಒಂದು ಬೀದಿಯನ್ನೇ ಕಟ್ಟಿಟ್ಟಿದ್ದಾರೆ. ಅದರಲ್ಲಿ ಕಮ್ಮಾರಸಾಲೆಯೂ ಇದೆ. ನಮ್ಮ ಮನೆಯ ಓನರ್ ಅಜ್ಜಿ ತಮ್ಮ ತಾತನೂ ಕಮ್ಮಾರ, ಜೊತೆಗೆ ಸರ್ಕಾರ ಕೊಟ್ಟ 160 ಎಕರೆ ಹೋಮ್‌ಸ್ಟೆಡ್ ಜಮೀನು ಇತ್ತು ಅಂತ ಹೇಳುತ್ತಾರೆ. ನಮ್ಮೂರಲ್ಲಿ ಕಮ್ಮಾರರಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು, ಅದರಲ್ಲೇ ಜೀವನ. ಕೈಯಲ್ಲಿ ಕಸುಬು ಇದ್ದವನು ಇಲ್ಲಿ ಜಮೀನಿಗೆ ಯಾಕೆ ಕೈ ಹಾಕಿದ? ಪುಕ್ಕಟೆ ಭೂಮಿ ಕೊಟ್ಟರು ಅನ್ನುವುದು ನಿಜವಾ? ಹೆಂಡತಿ ಮಕ್ಕಳು ಹೇಗೆ ಬದುಕಿದರು? ಅಜ್ಜಿಯ ತಾತನ ದಾಖಲೆ ಎಲ್ಲಾದರೂ ಸಿಗುತ್ತದೆಯೇ?

ಉತ್ತರ: ಪುಕ್ಕಟೆ ಭೂಮಿಯ ವಿಷಯದಿಂದಲೇ ಶುರು ಮಾಡೋಣ. ಉಳಿದ ಪ್ರಶ್ನೆಗಳ ಬೇರು ಅಲ್ಲೇ ಇದೆ.

1872ರಲ್ಲಿ ಕೆನಡಾ ಸರ್ಕಾರ ಡೊಮಿನಿಯನ್ ಲ್ಯಾಂಡ್ಸ್ ಆಕ್ಟ್ ಎಂಬ ಕಾನೂನು ತಂದಿತು. 10 ಡಾಲರ್ ಶುಲ್ಕ ಕಟ್ಟಿದರೆ 160 ಎಕರೆ ನಿಮ್ಮ ಹೆಸರಿಗೆ ನಮೂದಾಗುತ್ತಿತ್ತು. ನಮೂದು ಮಾತ್ರ, ಹಕ್ಕು ಇನ್ನೂ ಇಲ್ಲ. ಮೂರು ವರ್ಷ, ವರ್ಷಕ್ಕೆ ಆರು ತಿಂಗಳಾದರೂ ಆ ಜಮೀನಿನಲ್ಲೇ ವಾಸ ಮಾಡಬೇಕು. ಮನೆ ಕಟ್ಟಬೇಕು. ಕನ್ನೆನೆಲವನ್ನು ಉತ್ತು ಬೆಳೆ ತೆಗೆಯಬೇಕು. ಎಷ್ಟು ಎಕರೆ ಎನ್ನುವುದು ಕಾಲಕಾಲಕ್ಕೆ ಬದಲಾಗುತ್ತಿತ್ತು, ಬಹಳ ಕಡೆ 30 ಎಕರೆ ಅಂತ ಇತ್ತು. ಕೊನೆಗೆ ಅಕ್ಕಪಕ್ಕದ ಇಬ್ಬರು ಬಂದು ‘ಹೌದು, ಇವನು ಇಲ್ಲೇ ಇದ್ದ, ಉತ್ತ’ ಅಂತ ಪ್ರಮಾಣ ಮಾಡಬೇಕು. ಆಮೇಲೆ ಹಕ್ಕುಪತ್ರ. 1930ರ ಹೊತ್ತಿಗೆ ಹೀಗೆ ಹತ್ತಿರ ಹತ್ತಿರ 6,25,000 ಹಕ್ಕುಪತ್ರ ಕೊಟ್ಟಿದ್ದರು. ಆದರೆ ಹೆಸರು ಬರೆಸಿದ ಹತ್ತು ಜನರಲ್ಲಿ ಸುಮಾರು ನಾಲ್ವರು ಹಕ್ಕುಪತ್ರದವರೆಗೆ ತಲುಪಲೇ ಇಲ್ಲ. ನಡುವೆಯೇ ಬಿಟ್ಟು ಹೋದರು.

30 ಎಕರೆ ಅಂದರೆ ಏನು ಅಂತ ಸ್ವಲ್ಪ ಲೆಕ್ಕ ಹಾಕಿ. 14 ಇಂಚು ಅಗಲ ಕೊಯ್ಯುವ ನೇಗಿಲ ಹಿಂದೆ ನಡೆದರೆ ಒಂದು ಎಕರೆಗೆ 11 ಕಿಲೋಮೀಟರ್ ದಾಟುತ್ತದೆ. 30 ಎಕರೆಗೆ ಸುಮಾರು 340 ಕಿಲೋಮೀಟರ್. ಬೆಂಗಳೂರಿಂದ ಮಂಗಳೂರಿಗೆ ಹೋಗುವಷ್ಟು ದೂರ, ನೇಗಿಲ ಹಿಡಿ ಬಿಡದೆ ನಡೆಯಬೇಕು. ನೆಲವೂ ಸುಲಭದ್ದಲ್ಲ. ಸಾವಿರಾರು ವರ್ಷ ಬೆಳೆದ ಹುಲ್ಲಿನ ಬೇರು ಹೆಣೆದುಕೊಂಡು ಗಟ್ಟಿಯಾಗಿತ್ತು. ಇಂಥ ಬಯಲಿನ ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಅಂಟಿಕೊಂಡುಬಿಡುತ್ತದೆ. ಅದಕ್ಕೆ ನಯವಾದ ಉಕ್ಕೇ ಬೇಕು ಅಂತ ಅಮೆರಿಕದ ಇಲಿನಾಯ್‌ನಲ್ಲಿ 1837ರಲ್ಲಿ ಮಾಡಿ ತೋರಿಸಿದವನು ಜಾನ್ ಡಿಯರ್. ಇವತ್ತು ಹಸಿರು ಟ್ರ್ಯಾಕ್ಟರ್ ಮೇಲೆ ಕಾಣುವ ಹೆಸರು ಅವನದೇ. ಅವನೂ ಊರಿನ ಕಮ್ಮಾರನೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಸುಬುದಾರನಿಗೆ ಜಮೀನು ಯಾಕೆ?

ಒಂದು ಕಾರಣ, ಅವನು ಬಂದಾಗ ಅಲ್ಲಿ ಊರೇ ಇರಲಿಲ್ಲ. ನಮ್ಮಲ್ಲಿ ಊರು ಮೊದಲು, ಸುತ್ತ ಹೊಲ ಆಮೇಲೆ. ಪ್ರೇರಿ ಅಂದರೆ ಪಶ್ಚಿಮ ಕೆನಡಾದ ಹುಲ್ಲುಬಯಲು, ಅಲ್ಲಿ ಸರ್ವೆಯವರು ಮೊದಲು ಇಡೀ ನೆಲಕ್ಕೆ ಚೌಕ ಹಾಕಿದರು. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲ, ಅದು 640 ಎಕರೆಯ ಒಂದು ಸೆಕ್ಷನ್. ಅದರ ಕಾಲು ಭಾಗ ಒಂದು ಹೋಮ್‌ಸ್ಟೆಡ್. ಸರಿಸಂಖ್ಯೆಯ ಸೆಕ್ಷನ್‌ಗಳು ಬಹುಪಾಲು ಹೋಮ್‌ಸ್ಟೆಡ್‌ಗೆ. ಬೆಸಸಂಖ್ಯೆಯವುಗಳಲ್ಲಿ ಹೆಚ್ಚಿನವು ರೈಲ್ವೆ ಕಂಪನಿಗಳಿಗೆ. ಕೆನಡಿಯನ್ ಪೆಸಿಫಿಕ್ ರೈಲ್ವೆ ಒಂದಕ್ಕೇ ಎರಡೂವರೆ ಕೋಟಿ ಎಕರೆ ಕೊಡುವ ಒಪ್ಪಂದ ಆಗಿತ್ತು. ಹೀಗಾಗಿ ಮನೆಗಳು ಚದುರಿಹೋದವು. ನಾಲ್ಕು ಮನೆ ಒಂದೆಡೆ ಸೇರಿದ್ದು ಕಾಣುವುದೇ ಕಷ್ಟ. ರೈಲು ಬಂದು, ಸ್ಟೇಷನ್ ಆಗಿ, ಗೋಧಿ ತುಂಬಿಡುವ ಎತ್ತರದ ಕಣಜ, ಅಂದರೆ ಎಲಿವೇಟರ್, ಎದ್ದು ನಿಂತ ಮೇಲೆ ಅದರ ಪಕ್ಕ ಊರು ಹುಟ್ಟುತ್ತಿತ್ತು. ಅಲ್ಲಿಯವರೆಗೆ ಕಮ್ಮಾರ ಕುಲುಮೆ ಹಾಕಬೇಕಾದರೆ ತನ್ನ ಹೋಮ್‌ಸ್ಟೆಡ್‌ನಲ್ಲೇ ಹಾಕಬೇಕು. ಆಮೇಲೆ ಊರು ಎಲ್ಲಿ ಬಂತೋ ಅಲ್ಲಿಗೆ ಹೋಗಬೇಕು. ಕಟ್ಟಡವನ್ನೇ ಮರದ ದಿಮ್ಮಿಯ ಮೇಲೆ ಕೂರಿಸಿ, ಕುದುರೆ ಕಟ್ಟಿ, ಹಿಮದ ಮೇಲೆ ಎಳೆದುಕೊಂಡು ಹೋದವರೂ ಉಂಟು.

ಇನ್ನೊಂದು ಕಾರಣ ನಿಮ್ಮ ಆಯದ ಮಾತಿನಲ್ಲೇ ಇದೆ. ಹಾಸನದ ಕಡೆ ಕಮ್ಮಾರ ವರ್ಷವಿಡೀ ನೇಗಿಲ ಕುಳ ತಟ್ಟಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲು ಅಳೆಸಿಕೊಂಡು ಬರುತ್ತಿದ್ದ. ಪಾಲು ಕಡಿಮೆ ಆಗಬಹುದು, ತಪ್ಪುತ್ತಿರಲಿಲ್ಲ. ಅದು ಊರಿನ ಕಟ್ಟಳೆ. ಪ್ರೇರಿಯಲ್ಲಿ ಅಂಥ ಕಟ್ಟಳೆ ಇಲ್ಲ. ರೈತನ ಕೈಯಲ್ಲಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಗೋಧಿ ಮಾರಿದ ಮೇಲೆ. ಅಲ್ಲಿಯವರೆಗೆ ಸಾಲದ ಪುಸ್ತಕದಲ್ಲಿ ಬರೆದಿಡಬೇಕು. ಆಗಸ್ಟ್‌ನಲ್ಲಿ ಒಂದು ರಾತ್ರಿ ಹಿಮ ಬಿದ್ದರೆ ಗೋಧಿ ಹೋಯಿತು, ಸಾಲವೂ ಹೋಯಿತು. 1909ರಿಂದ ರೈತರಿಗೆ ಸಿಕ್ಕ ಮಾರ್ಕ್ವಿಸ್ ತಳಿ ಹಳೆಯ ರೆಡ್ ಫೈಫ್‌ಗಿಂತ ಸುಮಾರು ಒಂದು ವಾರ ಮೊದಲೇ ಮಾಗುತ್ತಿತ್ತು. ಆ ಒಂದು ವಾರದಿಂದ ಎಷ್ಟೋ ಕಮ್ಮಾರರ ಬಾಕಿಯೂ ವಸೂಲಾಗಿರಬೇಕು. ಇಂಥ ಕಡೆ ಸ್ವಂತ ಆಲೂಗೆಡ್ಡೆ, ಸ್ವಂತ ಹಸು, ಕುದುರೆಗೆ ಸ್ವಂತ ಓಟ್ಸ್ ಇಲ್ಲದಿದ್ದರೆ ಮನೆ ನಡೆಯುವುದಿಲ್ಲ. ಯುರೋಪಿನಿಂದ ಬಂದ ಎಷ್ಟೋ ಕಸುಬುದಾರರಿಗೆ ಹುಟ್ಟೂರಲ್ಲಿ ಅಂಗೈಯಗಲ ಜಮೀನೂ ಇರಲಿಲ್ಲ ಎನ್ನುವುದನ್ನೂ ಮರೆಯಬಾರದು. ಮಕ್ಕಳಿಗೆ ಬಿಟ್ಟುಹೋಗಲು 160 ಎಕರೆ ಅಂದರೆ ಅವರಿಗೆ ಅದೇ ಒಂದು ದೊಡ್ಡ ಆಸೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಜಮೀನು ಪುಕ್ಕಟೆಯಾದರೂ ಬೇಸಾಯ ಪುಕ್ಕಟೆಯಲ್ಲ. ಎತ್ತು ಅಥವಾ ಕುದುರೆ, ನೇಗಿಲು, ಗಾಡಿ, ಬೀಜ, ಕಿಟಕಿಯ ಗಾಜು, ಒಲೆ, ಮೊದಲ ಬೆಳೆ ಬರುವವರೆಗಿನ ಹಿಟ್ಟು, ಎಲ್ಲಾ ಸೇರಿ ಕಡಿಮೆ ಎಂದರೂ ಕೆಲವು ನೂರು ಡಾಲರ್ ಬೇಕು. ಉಳಿದವರು ಅದಕ್ಕಾಗಿ ರೈಲ್ವೆ ಕೂಲಿಗೆ, ಗಣಿಗೆ, ಮರ ಕಡಿಯುವ ಕ್ಯಾಂಪಿಗೆ ಹೋಗುತ್ತಿದ್ದರು. ಕಮ್ಮಾರನಿಗೆ ಮನೆ ಬಾಗಿಲಲ್ಲೇ ಕಾಸು ಬರುತ್ತಿತ್ತು. ನೆರೆಯವರಿಗಿಂತ ಅವನಿಗಿದ್ದ ಅನುಕೂಲ ಇದು.

ಆದರೆ ಅದೇ ಕಸುಬು ಅವನಿಗೆ ಉರುಳೂ ಆಯಿತು. ಹೇಗೆ ಅಂತ ನೋಡಿ. ಕನ್ನೆನೆಲ ಉಳಲು ಸರಿಯಾದ ಸಮಯ ಮೇ ಕೊನೆ, ಜೂನ್. ಮಣ್ಣಲ್ಲಿ ತೇವ ಇರುತ್ತದೆ, ಹುಲ್ಲು ಕೊಳೆಯುತ್ತದೆ. ಸುತ್ತಲಿನ ರೈತರೆಲ್ಲ ಮೊಂಡಾದ ಕುಳ ಹೊತ್ತುಕೊಂಡು ಕುಲುಮೆ ಮುಂದೆ ಬಂದು ನಿಲ್ಲುವುದೂ ಅದೇ ವಾರಗಳಲ್ಲಿ. ಕಲ್ಲಿರುವ ನೆಲವಾದರೆ ಕುಳ ಒಂದೆರಡು ದಿನಕ್ಕೇ ಮೊಂಡಾಗುತ್ತದೆ. ಕಮ್ಮಾರ ಕಬ್ಬಿಣ ಇಟ್ಟು ತಟ್ಟುವ ಅಡಿಗಲ್ಲಿನ ಮುಂದೆ ನಿಂತರೆ ಅವನ ಸ್ವಂತ ನೆಲ ಹಾಗೇ ಉಳಿಯುತ್ತದೆ. ನೆಲ ಉಳಲು ಹೋದರೆ ಕಾಸು ತಪ್ಪುತ್ತದೆ, ಗಿರಾಕಿ ಬೇರೆಯವನ ಹತ್ತಿರ ಹೋಗುತ್ತಾನೆ. ಸರ್ಕಾರದ ಇನ್‌ಸ್ಪೆಕ್ಟರ್ ಬಂದಾಗ ಕೇಳುವುದು ಎಷ್ಟು ಎಕರೆ ಉತ್ತೆ ಅಂತ. ಎಷ್ಟು ಕುಳ ತಟ್ಟಿದೆ ಅಂತ ಅಲ್ಲ.

ಇದಕ್ಕೆ ಎರಡು ದಾರಿ ಇದ್ದವು. ಒಂದು ಮುಯ್ಯಿ. ‘ನಿನ್ನ ಕುಳ ನಾನು ತಟ್ಟುತ್ತೇನೆ, ನನ್ನ ಎರಡು ಎಕರೆ ನೀನು ಉಳು.’ ಇನ್ನೊಂದು, ಹೊಲವನ್ನು ಹೆಂಡತಿ ಮಕ್ಕಳೇ ನೋಡಿಕೊಳ್ಳುವುದು. ನನ್ನ ಪ್ರಕಾರ ಕಮ್ಮಾರನ ಹೋಮ್‌ಸ್ಟೆಡ್ ಉಳಿದಿದ್ದರೆ ಅದು ಉಳಿದದ್ದು ಮುಖ್ಯವಾಗಿ ಈ ಎರಡನೆಯ ದಾರಿಯಿಂದ.

ಮನೆ ಅಂದರೆ ಮೊದಮೊದಲು ಬಹಳ ಕಡೆ ಮಣ್ಣಿನದೇ. ಮರ ಇಲ್ಲದ ಬಯಲು. ನೇಗಿಲಿನಿಂದ ಎಬ್ಬಿಸಿದ ಹುಲ್ಲುಹೆಂಟೆಯನ್ನು ಉದ್ದುದ್ದ ಕತ್ತರಿಸಿ, ಹುಲ್ಲಿನ ಮುಖ ಕೆಳಗೆ ಮಾಡಿ ಒಂದರ ಮೇಲೊಂದು ಇಟ್ಟು ಗೋಡೆ ಎಬ್ಬಿಸುತ್ತಿದ್ದರು. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ. ಆದರೆ ಮಳೆ ಬಂದರೆ ಸೂರು ಸೋರುತ್ತದೆ, ಹೊರಗೆ ನಿಂತ ಮೇಲೂ ಒಳಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ನೀವು ಸಾಸ್ಕಟೂನ್‌ನಲ್ಲೇ ಇದ್ದೀರಿ. ಪಶ್ಚಿಮಕ್ಕೆ ಕಿಂಡರ್ಸ್‌ಲಿ ಹತ್ತಿರ ಆಡಿಸನ್ ಸಾಡ್ ಹೌಸ್ ಅಂತ ಇದೆ. 1909ರಿಂದ 1911ರ ನಡುವೆ ಕಟ್ಟಿದ ಮಣ್ಣಿನ ಮನೆ, ಈಗ ರಾಷ್ಟ್ರೀಯ ಸ್ಮಾರಕ. ಅದು ಬಹಳ ಅಚ್ಚುಕಟ್ಟಾಗಿ ಕಟ್ಟಿದ ಮನೆ. ಎಲ್ಲರ ಮನೆಯೂ ಹಾಗಿತ್ತು ಅಂದುಕೊಳ್ಳಬೇಡಿ.

ಕಮ್ಮಾರನ ಹೆಂಡತಿಗೆ ಬೇರೆ ರೈತನ ಹೆಂಡತಿಗಿಂತ ಒಂದು ಕೆಲಸ ಜಾಸ್ತಿ. ಗಿರಾಕಿಗಳು ಹತ್ತಾರು ಮೈಲಿಯಿಂದ ಎತ್ತಿನ ಗಾಡಿಯಲ್ಲಿ ಬರುತ್ತಾರೆ. ಕೆಲಸ ಆಗುವವರೆಗೆ ಕಾಯುತ್ತಾರೆ. ಅವರಿಗೆ ಊಟ ಹಾಕಬೇಕು, ಕತ್ತಲಾದರೆ ಮಲಗಲು ಜಾಗ ಕೊಡಬೇಕು. ಹತ್ತಿರದಲ್ಲಿ ಹೋಟೆಲೇ ಇಲ್ಲವಲ್ಲ. ಇದರ ಜೊತೆ ನೀರು ಹೊರುವುದು, ಹಾಲು ಕರೆಯುವುದು, ರೊಟ್ಟಿ ಸುಡುವುದು, ತರಕಾರಿ ತೋಟ, ಕೋಳಿ, ಬಟ್ಟೆ ಹೊಲಿಯುವುದು. ಬೆಣ್ಣೆ, ಮೊಟ್ಟೆ ಅಂಗಡಿಗೆ ಕೊಟ್ಟು ಸಕ್ಕರೆ, ಸೀಮೆಎಣ್ಣೆ ತರುವುದು. ಕಾಡುಹಣ್ಣು ಒಣಗಿಸಿಡುವುದು. ನಿಮ್ಮ ನಗರಕ್ಕೆ ಹೆಸರು ಕೊಟ್ಟ ಸಾಸ್ಕಟೂನ್ ಬೆರ್ರಿ ಆಗ ಆ ಬಯಲಿನ ಮನೆಗಳಲ್ಲಿ ಚಳಿಗಾಲದ ಮುಖ್ಯ ಹಣ್ಣು. ಹೆರಿಗೆಗೆ ಡಾಕ್ಟರ್ ಸಿಗುತ್ತಿದ್ದದ್ದು ಅಪರೂಪ, ನೆರೆಯ ಹೆಂಗಸೇ ಬರಬೇಕು. ಅವಳ ಮನೆಯೂ ಮೈಲಿಗಟ್ಟಲೆ ದೂರ.

ಗಂಡಸರು ಕೂಲಿಗೆ ಹೋದಾಗ ಹೊಲ ಹೆಂಗಸರ ಮೇಲೆ ಬೀಳುತ್ತಿತ್ತು ಎನ್ನುವುದಕ್ಕೆ ದೊಡ್ಡ ಸಾಕ್ಷಿ ಡುಖೊಬೋರ್ ಎಂಬ ಧಾರ್ಮಿಕ ಸಮುದಾಯದ್ದು. ರಷ್ಯಾದಿಂದ 1899ರಲ್ಲಿ ಬಂದ ಇವರು 7,000ಕ್ಕೂ ಹೆಚ್ಚು ಜನ. ಗಂಡಸರು ರೈಲ್ವೆ ಕೆಲಸಕ್ಕೆ ಹೋದರು. ಎತ್ತು ಕುದುರೆ ಸಾಲಲಿಲ್ಲ. ಹೆಂಗಸರು ಸಾಲಾಗಿ ನಿಂತು ತಾವೇ ನೇಗಿಲು ಎಳೆದರು. ಅದರ ಫೋಟೋ ಈಗಲೂ ಇದೆ, ನೋಡಿದರೆ ಕರುಳು ಚುರ್ ಅನ್ನುತ್ತದೆ. ವೈಯಕ್ತಿಕ ಹೆಸರಿನಲ್ಲಿ ಜಮೀನು ಬರೆಸಿಕೊಳ್ಳಲು, ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲು ಅವರಲ್ಲಿ ಬಹಳ ಮಂದಿ ಒಪ್ಪಲಿಲ್ಲ. 1907ರಲ್ಲಿ ಸರ್ಕಾರ ಅವರ ಜಮೀನಿನ ದೊಡ್ಡ ಪಾಲನ್ನು ವಾಪಸ್ ತೆಗೆದುಕೊಂಡಿತು.

ಇಷ್ಟೆಲ್ಲ ದುಡಿದ ಹೆಣ್ಣಿಗೆ ಕಾನೂನು ಏನು ಕೊಟ್ಟಿತು? ಏನೂ ಇಲ್ಲ ಅಂದರೂ ತಪ್ಪಾಗದು. ಮದುವೆಯಾದವಳು, ಮದುವೆಯಾಗದವಳು ಇಬ್ಬರೂ ಹೋಮ್‌ಸ್ಟೆಡ್ ಕೇಳುವಂತಿಲ್ಲ. ಮಕ್ಕಳಿರುವ ವಿಧವೆಯಂತೆ ಒಬ್ಬಳೇ ಸಂಸಾರ ನಡೆಸುವವಳಿಗೆ ಮಾತ್ರ ಅವಕಾಶ. ಗಡಿ ದಾಟಿದರೆ ಅಮೆರಿಕದಲ್ಲಿ ಮದುವೆಯಾಗದ ಹೆಣ್ಣಿಗೂ ಅದು ಸಿಗುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ, ಗಂಡ ಹೆಂಡತಿಗೆ ಒಂದು ಮಾತೂ ಹೇಳದೆ ಜಮೀನು ಮಾರಬಹುದಿತ್ತು. ನೀವಿರುವ ಸಾಸ್ಕಾಚುವಾನ್ ಪ್ರಾಂತ್ಯದಲ್ಲಿ 1915ರಲ್ಲಿ, ಪಕ್ಕದ ಆಲ್ಬರ್ಟಾದಲ್ಲಿ 1917ರಲ್ಲಿ ಬಂದ ಕಾನೂನುಗಳು ಹೆಂಡತಿಯ ಒಪ್ಪಿಗೆ ಬೇಕು ಅಂದವು. ಅದೂ ಹೆಂಗಸರು ವರ್ಷಗಟ್ಟಲೆ ಅರ್ಜಿ ಹಾಕಿ, ಸಹಿ ಸಂಗ್ರಹಿಸಿ ಹೋರಾಡಿದ ಮೇಲೆ. ನಿಮ್ಮ ಓನರ್ ಅಜ್ಜಿ ‘ತಾತನ ಜಮೀನು’ ಅನ್ನುತ್ತಾರೆ. ಕಾಗದದಲ್ಲೂ ಹಾಗೇ ಇರುತ್ತದೆ. ಅವರ ಅಜ್ಜಿಯ ಹೆಸರೇನು ಅಂತ ಒಮ್ಮೆ ಕೇಳಿ ನೋಡಿ.

ಇನ್ನು ಕುಲುಮೆಯೊಳಗೆ ಹೋಗೋಣ. ನಿಮ್ಮ ಮನೆತನದ ಕಸುಬು ಏನೋ ತಿಳಿಯದು, ಆದರೆ ಊರಿನ ಕುಲುಮೆ ನೋಡಿದ್ದರೆ ಮ್ಯೂಸಿಯಂನಲ್ಲಿ ಬಹಳಷ್ಟು ಗುರುತು ಸಿಕ್ಕಿರಬೇಕು. ಇಕ್ಕಳ, ಸುತ್ತಿಗೆ, ಸಮ್ಮಟಿಗೆ, ಅಡಿಗಲ್ಲು, ನೀರಿನ ತೊಟ್ಟಿ. ತಿದಿಯ ಜಾಗದಲ್ಲಿ ಆ ಹೊತ್ತಿಗೆ ಕೈಯಿಂದ ತಿರುಗಿಸುವ ಬ್ಲೋವರ್ ಬಂದಿತ್ತು. ಅದನ್ನು ತಿರುಗಿಸುವುದು ಮಕ್ಕಳ ಪಾಲಿನ ಕೆಲಸ, ಶಾಲೆಗೆ ಹೋಗುವ ಮೊದಲು ಮತ್ತು ಬಂದ ಮೇಲೆ.

ಕುಳ ತಟ್ಟುವುದು ನಾಜೂಕಿನ ಕೆಲಸ. ಅಂಚನ್ನಷ್ಟೇ ಕೆಂಪಗೆ ಕಾಯಿಸಿ, ಸ್ವಲ್ಪ ಸ್ವಲ್ಪವೇ ತೆಳುವಾಗಿ ಎಳೆಯಬೇಕು. ಜಾಸ್ತಿ ಕಾದರೆ ಉಕ್ಕು ಸುಟ್ಟು ಪುಡಿಯಾಗುತ್ತದೆ. ತಟ್ಟುತ್ತಾ ತಟ್ಟುತ್ತಾ ಕುಳ ಸೊಟ್ಟಗಾಗುತ್ತದೆ, ಅದನ್ನು ಮತ್ತೆ ಸರಿಮಾಡಬೇಕು. ಮೂತಿ ಸ್ವಲ್ಪ ಕೆಳಮುಖವಾಗಿರಲೇಬೇಕು. ಇಲ್ಲದಿದ್ದರೆ ನೇಗಿಲು ನೆಲಕ್ಕೆ ಇಳಿಯದೆ ಮೇಲೆ ಮೇಲೆ ಜಾರುತ್ತದೆ. ಕೊನೆಗೆ ಹದ ಹಾಕುವುದು. ಹದ ಕಡಿಮೆಯಾದರೆ ಬೇಗ ಸವೆಯುತ್ತದೆ, ಹೆಚ್ಚಾದರೆ ಕಲ್ಲಿಗೆ ತಾಗಿ ಮುರಿಯುತ್ತದೆ. ಒಬ್ಬ ಕಮ್ಮಾರ ಒಳ್ಳೆಯವನಾ ಅಲ್ವಾ ಅಂತ ರೈತ ಅರ್ಧ ದಿನ ಉಳುವುದರೊಳಗೆ ಹೇಳಿಬಿಡುತ್ತಿದ್ದ.

ಲಾಳದ ವಿಷಯ ನಿಮಗೆ ಖುಷಿ ಕೊಡಬಹುದು. ಬಡ ಹೋಮ್‌ಸ್ಟೆಡರ್‌ಗಳು ಕುದುರೆಗಿಂತ ಎತ್ತನ್ನು ಇಷ್ಟಪಟ್ಟರು. ಬೆಲೆ ಕಡಿಮೆ, ಬರೀ ಹುಲ್ಲು ತಿಂದು ದುಡಿಯುತ್ತದೆ. ಲಾಳ ಕಟ್ಟುವಾಗ ಅಲ್ಲೂ ನಮ್ಮಂತೆಯೇ ಸೀಳುಗೊರಸಿಗೆ ಎರಡು ತುಂಡು. ನಮ್ಮಲ್ಲಿ ಎತ್ತನ್ನು ನೆಲಕ್ಕೆ ಕೆಡವಿ ಕಟ್ಟುತ್ತಾರೆ. ಅಲ್ಲಿ ಮರದ ಚೌಕಟ್ಟಿಗೆ ನಿಲ್ಲಿಸಿ, ಹೊಟ್ಟೆಗೆ ಪಟ್ಟಿ ಹಾಕಿ ಎತ್ತಿ ಹಿಡಿಯುವ ರೂಢಿ ಇತ್ತು. ಬೇಸಿಗೆಯಲ್ಲಿ ಮೆತ್ತನೆ ಮಣ್ಣಿನಲ್ಲಿ ಉಳುವ ಪ್ರಾಣಿಗೆ ಲಾಳ ಅಷ್ಟಾಗಿ ಬೇಕಿರಲಿಲ್ಲ. ಲಾಳದ ಕೆಲಸ ಹೆಚ್ಚುತ್ತಿದ್ದದ್ದು ಚಳಿಗಾಲದಲ್ಲಿ, ಮಂಜುಗಡ್ಡೆಯ ಮೇಲೆ ಜಾರದಂತೆ ಚೂಪಾದ ಹಲ್ಲಿರುವ ಲಾಳಕ್ಕೆ.

ಚಳಿ ಅಂದರೆ ಮೈನಸ್ 40 ಡಿಗ್ರಿ. ಅಷ್ಟು ಚಳಿಯಲ್ಲಿ ಉಕ್ಕು ಪೆಡಸಾಗುತ್ತದೆ. ಸರಪಳಿ, ಅಚ್ಚು, ಜಾರುಗಾಡಿಯ ಪಟ್ಟಿ ಪಟ್ಟನೆ ಮುರಿಯುತ್ತವೆ. ಬೆಳಿಗ್ಗೆ ಅಡಿಗಲ್ಲಿನ ಮೇಲೆ ಕಾದ ಕಬ್ಬಿಣ ಇಟ್ಟು ಅದನ್ನು ಬೆಚ್ಚಗೆ ಮಾಡಿದ ಮೇಲೆಯೇ ಮೊದಲ ಏಟು. ಬೇಸಿಗೆಗೆ ಬೇರೆ ತೊಂದರೆ. ಒಣಗಾಳಿಗೆ ಗಾಡಿಚಕ್ರದ ಮರ ಕುಗ್ಗಿ, ಕಬ್ಬಿಣದ ಪಟ್ಟಾ ಸಡಿಲವಾಗಿ ಕಳಚುತ್ತದೆ. ರೈತರು ಚಕ್ರವನ್ನು ಕುಂಟೆಯ ನೀರಲ್ಲಿ ನೆನೆಹಾಕಿ ಕೆಲವು ದಿನ ತಳ್ಳುತ್ತಿದ್ದರು, ಆಮೇಲೆ ಕಮ್ಮಾರನ ಹತ್ತಿರ ಬರಲೇಬೇಕು. ಇದ್ದಿಲಿಗೆ ಮರವಿಲ್ಲ. ದಕ್ಷಿಣ ಸಾಸ್ಕಾಚುವಾನ್‌ನ ಎಸ್ಟೆವಾನ್ ಕಡೆ ಸಿಗುವ ಲಿಗ್ನೈಟ್ ಮನೆ ಒಲೆಗೆ ಸರಿ, ಕುಲುಮೆಗೆ ಬರುವುದಿಲ್ಲ. ಒಳ್ಳೆ ಕಲ್ಲಿದ್ದಲು ದೂರದಿಂದ ದುಡ್ಡು ಕೊಟ್ಟು ತರಿಸಬೇಕು. ಕಬ್ಬಿಣವೂ ಹಾಗೇ. ಮುರಿದ ಸ್ಪ್ರಿಂಗ್, ಕುಂಟೆಹಲ್ಲು, ಹಳೇ ಲಾಳ, ಯಾವುದನ್ನೂ ಎಸೆಯುತ್ತಿರಲಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಆ ಜಮೀನು ಖಾಲಿ ಇರಲಿಲ್ಲ. ಕ್ರೀ, ಸೋಟೋ, ಬ್ಲ್ಯಾಕ್‌ಫುಟ್ ಮುಂತಾದ ಮೂಲನಿವಾಸಿಗಳ ನೆಲ ಅದು. 1871ರಿಂದ 1877ರ ನಡುವೆ ಸರ್ಕಾರಕ್ಕೂ ಅವರಿಗೂ ಏಳು ಒಪ್ಪಂದಗಳಾದವು. ಸಾಸ್ಕಟೂನ್ ಇರುವುದು 1876ರ ಆರನೇ ಒಪ್ಪಂದದ ನೆಲದಲ್ಲಿ. ಅದರಲ್ಲಿ ಸರ್ಕಾರ ಬೇಸಾಯ ಮಾಡುವ ಪ್ರತಿ ಮೂರು ಕುಟುಂಬಕ್ಕೆ ಒಂದು ನೇಗಿಲು ಕೊಡುವ ಮಾತು ಕೊಟ್ಟಿತ್ತು. ಅದೇ ವರ್ಷ ಬಂದ ಇಂಡಿಯನ್ ಆಕ್ಟ್ (ಮೂಲನಿವಾಸಿಗಳನ್ನೇ ಆಗ ಇಂಡಿಯನ್ ಅನ್ನುತ್ತಿದ್ದರು) ಅವರಿಗೆ ಹೋಮ್‌ಸ್ಟೆಡ್ ಪಡೆಯುವ ಹಕ್ಕನ್ನೇ ಕೊಡಲಿಲ್ಲ. 1889ರ ನಂತರ ಹೇಟರ್ ರೀಡ್ ಎಂಬ ಅಧಿಕಾರಿ ಅವರು ಬೇಸಾಯಕ್ಕೆ ಯಂತ್ರ ಬಳಸಬಾರದು, ಕೈ ಸಲಕರಣೆಯಲ್ಲೇ ಮಾಡಬೇಕು, ಆದಷ್ಟು ಸಲಕರಣೆ ತಾವೇ ಮಾಡಿಕೊಳ್ಳಬೇಕು ಅಂತ ನೀತಿ ತಂದ. ಬೇಲಿಯಾಚೆಯ ಬಿಳಿಯ ರೈತ ಕೊಯ್ದು ಕಂತೆ ಕಟ್ಟುವ ಬೈಂಡರ್ ಯಂತ್ರದಲ್ಲಿ ಗೋಧಿ ಕೊಯ್ಯುತ್ತಿದ್ದಾಗ ಇವರು ಕುಡುಗೋಲು ಹಿಡಿಯಬೇಕಾಯಿತು. ನಮ್ಮವರ ಕಥೆಯೂ ಇಲ್ಲಿ ಹೇಳುವಂಥದ್ದೇ. ಇಂಡಿಯಾದಿಂದ ಬಂದ ಕೆಲವು ಸಾವಿರ ಜನ, ಹೆಚ್ಚಿನವರು ಪಂಜಾಬಿನವರು, ಬ್ರಿಟಿಷ್ ಕೊಲಂಬಿಯಾದ ಮರದ ಮಿಲ್ಲುಗಳಲ್ಲಿದ್ದರು. ತಮ್ಮ ದೇಶದಿಂದ ನಡುವೆ ಎಲ್ಲೂ ನಿಲ್ಲದೆ ಬಂದವರಿಗೆ ಮಾತ್ರ ಪ್ರವೇಶ ಎಂಬ ನಿಯಮ 1908ರಲ್ಲಿ ಅವರಿಗೆ ಬಾಗಿಲು ಮುಚ್ಚಿತು. ಪೂರ್ವ ಯುರೋಪಿನವರನ್ನು ಕರೆಕರೆದು 160 ಎಕರೆ ಕೊಡುತ್ತಿದ್ದ ವರ್ಷಗಳವು.

ಕುಲುಮೆ ತಣ್ಣಗಾಗಿದ್ದು ನಿಧಾನವಾಗಿ. 1920ರ ದಶಕದಲ್ಲಿ ಟ್ರ್ಯಾಕ್ಟರ್, ಕಾರು ಹೆಚ್ಚಾದವು. ಎಷ್ಟೋ ಕಮ್ಮಾರರು ವೆಲ್ಡಿಂಗ್ ಕಲಿತು ಗ್ಯಾರೇಜ್ ಮಾಡಿಕೊಂಡರು. 1930ರ ದಶಕದ ಬರದಲ್ಲಿ ಚಕ್ರ ಹಿಂದಕ್ಕೆ ತಿರುಗಿತು. ಪೆಟ್ರೋಲಿಗೆ ಕಾಸಿಲ್ಲದ ರೈತರು ಕಾರಿನ ಎಂಜಿನ್ ಬಿಚ್ಚಿಸಿ, ಮುಂದೆ ಮೂಕಿ ಹಾಕಿಸಿ, ಕುದುರೆ ಕಟ್ಟಿದರು. ಆಗಿನ ಪ್ರಧಾನಿ ಆರ್. ಬಿ. ಬೆನೆಟ್ ಮೇಲಿನ ಸಿಟ್ಟಿಗೆ ಅದಕ್ಕೆ ಬೆನೆಟ್ ಬಗ್ಗಿ ಅಂತ ಹೆಸರು, ಬಗ್ಗಿ ಅಂದರೆ ಕುದುರೆಗಾಡಿ. ಕಬ್ಬಿಣ ಕಾಯಿಸಿ ಬಗ್ಗಿಸುವ ಕೈಗೆ ಮತ್ತೆ ಕೆಲಸ ಬಂತು, ಕೂಲಿ ಕೊಡುವವರೇ ಕಡಿಮೆ ಇದ್ದರು.

ಕೊನೆಗೆ ದಾಖಲೆ. ಖಂಡಿತ ಹುಡುಕಬಹುದು. ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದ ವೆಬ್‌ಸೈಟ್‌ನಲ್ಲಿ 1870ರಿಂದ 1930ರವರೆಗಿನ ಪಶ್ಚಿಮ ಕೆನಡಾದ ಹಕ್ಕುಪತ್ರಗಳ ಪಟ್ಟಿ ಇದೆ. ಮೊದಲು ತಾತನ ಹೆಸರಿಂದ ಹುಡುಕಿ, ಹೆಸರಿನ ಕಾಗುಣಿತ ನಾಲ್ಕೈದು ರೀತಿ ಬದಲಿಸಿ ನೋಡಿ. ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಳ್ಳುತ್ತಿದ್ದರು. ಅಲ್ಲಿ ಜಮೀನಿನ ವಿಳಾಸ ಸಿಗುತ್ತದೆ. ಅದು ‘ವಾಯವ್ಯ ಕಾಲು, ಸೆಕ್ಷನ್ 14, ಟೌನ್‌ಶಿಪ್ 36, ರೇಂಜ್ 5, ಮೂರನೇ ಮೆರಿಡಿಯನ್‌ನ ಪಶ್ಚಿಮ’ ಎಂಬ ಧಾಟಿಯಲ್ಲಿರುತ್ತದೆ. ಈ ವಿಳಾಸ ಹಿಡಿದುಕೊಂಡು ಪ್ರಾವಿನ್ಶಿಯಲ್ ಆರ್ಕೈವ್ಸ್ ಆಫ್ ಸಾಸ್ಕಾಚುವಾನ್‌ನಲ್ಲಿ ಹೋಮ್‌ಸ್ಟೆಡ್ ಕಡತ ಕೇಳಿ. ಹಕ್ಕುಪತ್ರ ಸಿಗದೆ ಬಿಟ್ಟುಹೋದವರ ಹೆಸರು ಮೊದಲ ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಕಡತದಲ್ಲಿ ಸಿಗುವ ಸಾಧ್ಯತೆ ಇದೆ.

ಕಡತ ಕೈಗೆ ಬಂದರೆ ಹಕ್ಕುಪತ್ರಕ್ಕಾಗಿ ಹಾಕಿದ ಅರ್ಜಿ ಮೊದಲು ಓದಿ. ಯಾವ ವರ್ಷ ಎಷ್ಟು ಎಕರೆ ಉತ್ತ, ಮನೆಯ ಅಳತೆ ಮತ್ತು ಬೆಲೆ, ದನ ಕುದುರೆ ಎಷ್ಟು, ಮನೆಯಲ್ಲಿ ಎಷ್ಟು ಜನ, ಎಲ್ಲಾ ಪ್ರಮಾಣ ಮಾಡಿ ಬರೆಸಿರುತ್ತಾರೆ. ಜಮೀನು ಬಿಟ್ಟು ಯಾವಾಗ, ಎಷ್ಟು ದಿನ ಹೊರಗಿದ್ದೆ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಗಮನವಿಟ್ಟು ನೋಡಿ. ಕಮ್ಮಾರ ಊರಿನ ಕುಲುಮೆಯಲ್ಲಿ ಕಳೆದ ತಿಂಗಳುಗಳು ಅಲ್ಲಿ ಕಾಣುತ್ತವೆ. ಅದೇ ವರ್ಷ ಎಕರೆ ಲೆಕ್ಕ ಏರಿದ್ದರೆ, ಆಗ ಹೊಲದಲ್ಲಿ ಇದ್ದವರು ಯಾರು ಅಂತ ಅಜ್ಜಿಯ ಜೊತೆ ಕೂತು ಮಾತಾಡಿ. ಪ್ರಮಾಣ ಮಾಡಿದ ಇಬ್ಬರು ನೆರೆಯವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಅವರ ಕಡತಗಳನ್ನೂ ತರಿಸಿ ಪಕ್ಕದಲ್ಲಿಟ್ಟರೆ, ಕುಲುಮೆ ಇದ್ದ ಮನೆಗೂ ಇಲ್ಲದ ಮನೆಗೂ ಏನು ವ್ಯತ್ಯಾಸ ಇತ್ತು ಅಂತ ಎಕರೆ ಎಕರೆಯಾಗಿ ನೀವೇ ಹೋಲಿಸಬಹುದು.